108 ಬರುವವರೆಗೆ ಎದೆ ಒತ್ತುವವರು ಯಾರು?

2025ರ ಜುಲೈ ಮೊದಲ ವಾರದಲ್ಲಿ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಆಗ ದಿನವಿಡೀ ಟಿವಿಯಲ್ಲಿ ಓಡುತ್ತಿತ್ತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಆ ಸಾವುಗಳನ್ನು ಪರಿಶೀಲಿಸಿ, ಅಸಹಜವಾದ ಏರಿಕೆ ಕಂಡುಬಂದಿಲ್ಲ ಎಂದು ವರದಿ ಕೊಟ್ಟಿತು. ಅದಕ್ಕೂ ಮುಂಚೆ, 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೂ ಹೀಗೇ ಆಗಿತ್ತು. ಜಿಮ್‌ಗೆ ಹೋಗುವ ಹುಡುಗರು, ಅವರ ಅಪ್ಪ ಅಮ್ಮಂದಿರು ಎಲ್ಲರೂ ಇಸಿಜಿ, ಎಕೋ ಮಾಡಿಸಲು ಓಡಿದರು.

ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಬಿಪಿ, ಶುಗರ್, ಕೊಲೆಸ್ಟರಾಲ್ ಗೊತ್ತಿರಬೇಕು, ಬೀಡಿ ಸಿಗರೇಟು ಬಿಡಬೇಕು. ಆದರೆ ಇವತ್ತಿನ ಇಸಿಜಿ ಇವತ್ತಿನ ಮಟ್ಟಿಗಿನ ಲೆಕ್ಕ, ಮುಂದಿನ ತಿಂಗಳಿಗೆ ಅದು ಭರವಸೆಯಲ್ಲ. ನನ್ನನ್ನು ಕಾಡುವ ವಿಷಯ ಬೇರೆ. ಆ ಎರಡೂ ಸಂದರ್ಭಗಳಲ್ಲಿ ಹೆದರಿದವರು ತಮ್ಮ ಹೃದಯ ಸರಿಯಿದೆಯೇ ಎಂದು ಕೇಳಲು ಸಾಲು ನಿಂತರು. ಪಕ್ಕದವರ ಹೃದಯ ನಿಂತರೆ ಏನು ಮಾಡಬೇಕು, ಕಲಿಸಿಕೊಡಿ ಎಂದು ಕೇಳಲು ಸಾಲು ನಿಂತಿದ್ದನ್ನು ಎಲ್ಲೂ ಕಾಣಲಿಲ್ಲ. ಹೃದಯ ನಿಂತವರಿಗೆ ತಮಗೆ ತಾವೇ ಏನೂ ಮಾಡಿಕೊಳ್ಳಲಾಗುವುದಿಲ್ಲ. ಅವರನ್ನು ಉಳಿಸುವ ಮೊದಲ ಕೈ ಯಾವತ್ತೂ ಇನ್ನೊಬ್ಬರದು.

ಬೆಂಗಳೂರಿನ ನಮ್ಮ ಬಡಾವಣೆ ರಿಚರ್ಡ್ಸ್ ಟೌನ್‌ನ ಲೆಕ್ಕವನ್ನೇ ಹಾಕಿ ನೋಡೋಣ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಇಲ್ಲಿಂದ ದೂರವಿಲ್ಲ. ಆದರೆ ರೈಲು ಹಳಿಯ ಆಚೆಗೆ ಹೋಗಬೇಕು, ಫ್ರೇಜರ್ ಟೌನ್ ಹಾಯಬೇಕು. ಸಂಜೆ ಆರರ ಮೇಲೆ ಆ ದಾರಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರಂಜಾನ್ ತಿಂಗಳ ಸಂಜೆ ಮಸೀದಿ ರಸ್ತೆಯ ಜನಜಂಗುಳಿಯಲ್ಲಿ ಕಾರಿಗಿಂತ ನಡೆದು ಹೋಗುವುದೇ ವೇಗ. ಜಯದೇವ ಆಸ್ಪತ್ರೆಯಂತೂ ಬನ್ನೇರುಘಟ್ಟ ರಸ್ತೆಯಲ್ಲಿ, ಊರಿನ ಇನ್ನೊಂದು ಮಗ್ಗುಲಿಗೆ. ಇತ್ತ ಹೃದಯ ನಿಂತ ಕ್ಷಣದಿಂದ ಮೆದುಳಿಗೆ ಆಮ್ಲಜನಕ ಹೋಗುವುದು ನಿಲ್ಲುತ್ತದೆ. ನಾಲ್ಕರಿಂದ ಆರು ನಿಮಿಷದೊಳಗೆ ಮೆದುಳಿನ ಜೀವಕೋಶಗಳು ಸಾಯಲು ತೊಡಗುತ್ತವೆ. ಯಾರೂ ಎದೆ ಒತ್ತದಿದ್ದರೆ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಕುಸಿಯುತ್ತ ಹೋಗುತ್ತದೆ. ಹತ್ತು ನಿಮಿಷ ಕಳೆದರೆ ಉಳಿಯುವುದು ತೀರ ಕಡಿಮೆ. 2008ರ ನವೆಂಬರ್‌ನಲ್ಲಿ ಕರ್ನಾಟಕಕ್ಕೆ ಬಂದ 108 ಆಂಬುಲೆನ್ಸ್ ಎಷ್ಟೋ ಜೀವ ಉಳಿಸಿದೆ. ಆದರೂ ಕರೆ ಹೋಗಿ, ಗಾಡಿ ಹೊರಟು, ಗೇಟು ದಾಟಿ, ಮೂರನೇ ಮಹಡಿಗೆ ಹತ್ತುವಷ್ಟರಲ್ಲಿ ಆ ನಾಲ್ಕು ನಿಮಿಷ ಮುಗಿದಿರುತ್ತದೆ.

ಗ್ಯಾಸ್ಟ್ರಿಕ್ ಅಂದುಕೊಂಡು ಕೂತವರು

ಹೃದಯಾಘಾತ ಮತ್ತು ಹೃದಯ ಸ್ತಂಭನ ಒಂದೇ ಎಂದುಕೊಂಡವರು ಬಹಳ. ಹಾರ್ಟ್ ಅಟ್ಯಾಕ್ ಎಂದರೆ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಆಗ ಎದೆ ನೋಯುತ್ತದೆ, ಆದರೆ ಮನುಷ್ಯನಿಗೆ ಎಚ್ಚರವಿರುತ್ತದೆ, ಮಾತಾಡುತ್ತಾನೆ. ಕಾರ್ಡಿಯಾಕ್ ಅರೆಸ್ಟ್, ಅಂದರೆ ಹೃದಯ ಸ್ತಂಭನದಲ್ಲಿ ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸಿಬಿಡುತ್ತದೆ. ಮನುಷ್ಯ ಕ್ಷಣಾರ್ಧದಲ್ಲಿ ಕುಸಿಯುತ್ತಾನೆ, ಉಸಿರು ನಿಲ್ಲುತ್ತದೆ. ಮೊದಲನೆಯದು ಯಾವ ಗಳಿಗೆಯಲ್ಲಾದರೂ ಎರಡನೆಯದಕ್ಕೆ ತಿರುಗಬಹುದು. ಎಚ್ಚರವಿರುವವರ ಎದೆ ಒತ್ತಬಾರದು. ಎಚ್ಚರವಿಲ್ಲದೆ, ಸರಿಯಾಗಿ ಉಸಿರಾಡದೆ ಬಿದ್ದವರ ಎದೆಯನ್ನು ಒತ್ತದೆ ಬಿಡಬಾರದು.

ಮೊದಲು ಎದೆನೋವಿನ ವಿಚಾರ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಹೊತ್ತು ನುಂಗಿಹಾಕುವ ಮಾತು ಒಂದಿದೆ: "ಗ್ಯಾಸ್ಟ್ರಿಕ್ ಇರ್ಬೇಕು ಕಣೇ, ಒಂದು ಸೋಡಾ ಕೊಡು." ಸೋಡಾ ಆಗುತ್ತದೆ, ಈನೋ ಆಗುತ್ತದೆ, ಜೀರಿಗೆ ಕಷಾಯ ಆಗುತ್ತದೆ, ಬೆಳಗಾಗಲಿ ನೋಡೋಣ ಎಂದು ಮಲಗುವುದೂ ಆಗುತ್ತದೆ. ಎದೆಯ ನಡುವೆ ಹಿಂಡಿದಂತೆ, ಭಾರ ಇಟ್ಟಂತೆ ನೋವು ಬಂದು ಕೆಲವು ನಿಮಿಷವಾದರೂ ಹೋಗದಿದ್ದರೆ, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ಜೊತೆಗೆ ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಎಂಬ ಮಾತನ್ನು ಮನೆಯವರು ಒಪ್ಪಬಾರದು. ಹೆಂಗಸರಿಗೆ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವೇ ಇಲ್ಲದೆ ಬರೀ ಉಬ್ಬಸ, ವಾಂತಿ ಬಂದಂತಾಗುವುದು, ಎದ್ದು ನಿಲ್ಲಲಾಗದಷ್ಟು ಸುಸ್ತು ಮಾತ್ರ ಕಾಣಿಸಬಹುದು. ಮನೆಯೊಡತಿ ಅದನ್ನು ಕೆಲಸದ ಆಯಾಸವೆಂದುಕೊಂಡು ಅಡುಗೆ ಮುಗಿಸಿ ಬಂದು ಕೂರುತ್ತಾಳೆ.

ಇಂಥವರನ್ನು ಕೂರಿಸಿ, ಒರಗಿಸಿ. ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ, "ನಾನೇ ಸ್ಕೂಟರ್‌ನಲ್ಲಿ ಹೋಗಿ ಬರ್ತೀನಿ" ಎಂದರೆ ಕೀ ಕಿತ್ತುಕೊಳ್ಳಿ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರಿಗೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲು ಕೊಡುವುದುಂಟು, ಫೋನಿನಲ್ಲಿ ವೈದ್ಯರನ್ನು ಕೇಳಿಯೇ ಕೊಡಿ. ಪಕ್ಕದ ಮನೆಯವರ ಸಾರ್ಬಿಟ್ರೇಟ್ ಮಾತ್ರೆ ತಂದು ನಾಲಿಗೆಯ ಕೆಳಗಿಡುವ ಅಭ್ಯಾಸ ನಮ್ಮಲ್ಲಿ ಹರಡಿದೆ. ಬಿಪಿ ಆಗಲೇ ಇಳಿದಿದ್ದರೆ ಅದು ಇನ್ನಷ್ಟು ಕೆಡವುತ್ತದೆ. ವೈದ್ಯರು ಅದೇ ರೋಗಿಗೆ ಬರೆದುಕೊಟ್ಟಿದ್ದರೆ ಮಾತ್ರ ಸರಿ. ಕ್ಲಿನಿಕ್‌ನ ಬೆಂಚಿನ ಮೇಲೆ ಟೋಕನ್ ಹಿಡಿದು ಕೂರುವ ಬದಲು ಇಸಿಜಿ ಮತ್ತು ತುರ್ತು ಘಟಕ ಇರುವ ಆಸ್ಪತ್ರೆಗೆ ನೇರ ಹೋಗಿ. ಊರಿಗೆ ಹೋದಾಗ ಹೀಗಾದರೆ ತಾಲ್ಲೂಕು ಆಸ್ಪತ್ರೆಯನ್ನು ಕಡೆಗಣಿಸಬೇಡಿ. ಪುನೀತ್ ಹೆಸರಿನಲ್ಲಿ ಸರ್ಕಾರ ತಂದಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂಡಲೇ ನೋಡುತ್ತಾರೆ. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಹೊರಗೆ ಹತ್ತಾರು ಸಾವಿರ ರೂಪಾಯಿ, ಅಲ್ಲಿ ಉಚಿತ.

ಕುಸಿದು ಬಿದ್ದಾಗ

ಯಾರೋ ದೊಪ್ಪನೆ ಬಿದ್ದರು. ಸುತ್ತ ಹತ್ತು ಜನ ಸೇರುತ್ತಾರೆ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ, ಒಬ್ಬರು ಅಂಗಾಲು ತಿಕ್ಕುತ್ತಾರೆ, ಇನ್ನೊಬ್ಬರು ಕೈಗೆ ಬೀಗದ ಕೈ ಗೊಂಚಲು ಹಿಡಿಸುತ್ತಾರೆ. ಕಬ್ಬಿಣದ ಪ್ರಸಂಗ ಬರುವುದು ಯಾಕೆಂದರೆ, ಹೃದಯ ನಿಂತ ಮೊದಲ ಕೆಲವು ಸೆಕೆಂಡುಗಳಲ್ಲಿ ಮೆದುಳಿಗೆ ರಕ್ತ ತಪ್ಪಿ ಕೈಕಾಲು ಅದುರಬಹುದು. ನೋಡಿದವರಿಗೆ ಫಿಟ್ಸ್ ಅನಿಸುತ್ತದೆ. ಫಿಟ್ಸ್‌ಗೂ ಕಬ್ಬಿಣದಿಂದ ಪ್ರಯೋಜನವಿಲ್ಲ ಎನ್ನುವುದು ಒಂದು ಕಡೆಯಿರಲಿ, ಕೀ ಹುಡುಕುವಷ್ಟರಲ್ಲಿ ಒಂದು ನಿಮಿಷ ಹೋಗಿರುತ್ತದೆ. ಬಾಯಿಗೆ ನೀರು, ಕಾಫಿ ಹಾಕುವುದಂತೂ ಅಪಾಯ. ಅದು ನೇರ ಶ್ವಾಸನಾಳಕ್ಕೆ ಇಳಿಯುತ್ತದೆ.

ಮಾಡಬೇಕಾದ್ದು ಇಷ್ಟು. ಎರಡೂ ಭುಜ ಗಟ್ಟಿಯಾಗಿ ತಟ್ಟಿ, ಜೋರಾಗಿ ಕೂಗಿ ಕರೆಯಿರಿ. ಉತ್ತರವಿಲ್ಲದಿದ್ದರೆ ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡು ಮೀರದಂತೆ ನೋಡಿ. ಇಲ್ಲಿ ಅತಿ ಹೆಚ್ಚು ಜನ ಮೋಸಹೋಗುವುದು ಒಂದು ಶಬ್ದಕ್ಕೆ: ಹೃದಯ ನಿಂತವರು ಕೆಲವೊಮ್ಮೆ ಗೊರಕೆಯಂತೆ, ಬಾಯಿ ತೆರೆದು ಬಿಟ್ಟು ಬಿಟ್ಟು ಏದುಸಿರು ಎಳೆಯುತ್ತಾರೆ. "ಉಸಿರಿದೆ, ಉಸಿರಿದೆ" ಎಂದು ಸುತ್ತಲಿದ್ದವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಉಸಿರಾಟವಲ್ಲ, ಮೆದುಳಿನ ಕೊನೆಯ ಒದ್ದಾಟ. ಅದನ್ನು ಕಂಡೊಡನೆ ಎದೆ ಒತ್ತಲು ಆರಂಭಿಸಬೇಕು. ನಾಡಿ ಹುಡುಕುತ್ತ ಕೂರಬೇಡಿ, ಅಭ್ಯಾಸವಿಲ್ಲದ ಬೆರಳಿಗೆ ಅದು ಸಿಗುವುದಿಲ್ಲ, ಸಿಕ್ಕಿದ್ದು ಎಷ್ಟೋ ಸಲ ತಮ್ಮದೇ ನಾಡಿ.

ಫೋನನ್ನು ಸ್ಪೀಕರ್‌ಗೆ ಹಾಕಿ 108ಕ್ಕೆ ಕರೆ ಮಾಡಿ. ಸುತ್ತಲಿರುವ ಎಲ್ಲರಿಗೂ ಸೇರಿಸಿ "ಯಾರಾದ್ರೂ ಫೋನ್ ಮಾಡ್ರೀ" ಎಂದರೆ ಯಾರೂ ಮಾಡುವುದಿಲ್ಲ. "ನೀಲಿ ಶರ್ಟ್ ಅಣ್ಣ, ನೀವು ಮಾಡಿ" ಎಂದು ಬೆರಳಿಟ್ಟು ತೋರಿಸಿ ಹೇಳಿ. ಮಂಚದ ಮೇಲಿದ್ದರೆ ನೆಲಕ್ಕೆ ಇಳಿಸಿ, ಹಾಸಿಗೆಯ ಮೇಲೆ ಒತ್ತಿದರೆ ತಗ್ಗುವುದು ಹಾಸಿಗೆ, ಎದೆಯಲ್ಲ. ಪಕ್ಕದಲ್ಲಿ ಮಂಡಿಯೂರಿ. ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧದಲ್ಲಿ ಒಂದು ಅಂಗೈಯ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ. ಬೆರಳು ಹೆಣೆದುಕೊಳ್ಳಲಿ. ಮೊಣಕೈ ಮಡಿಸದೆ, ಭುಜ ಕೈಯ ನೇರಕ್ಕೆ ಬರುವಂತೆ ಬಾಗಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿ. ಆಳ 5 ಸೆಂಟಿಮೀಟರ್, 6ಕ್ಕಿಂತ ಹೆಚ್ಚು ಬೇಡ. ವೇಗ ನಿಮಿಷಕ್ಕೆ 100ರಿಂದ 120, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಗಟ್ಟಿಯಾಗಿ ಎಣಿಸುತ್ತಾ ಒತ್ತಿದರೆ ಲಯ ತಪ್ಪುವುದಿಲ್ಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಬೀದಿಯ ಕೈಪಂಪಿನ ಹಿಡಿ ಮೇಲೆ ಬಾರದೆ ಮುಂದಿನ ನೀರು ಬರುವುದಿಲ್ಲವಲ್ಲ, ಹಾಗೆಯೇ ಎದೆ ಮೇಲೇಳದೆ ಹೃದಯಕ್ಕೆ ರಕ್ತ ತುಂಬುವುದಿಲ್ಲ.

ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕೇ ಎಂಬ ಅಳುಕಿನಿಂದಲೇ ಹಲವರು ಹಿಂದೆ ಸರಿಯುತ್ತಾರೆ. ತರಬೇತಿ ಇಲ್ಲದವರು ಕೊಡಬೇಕಾಗಿಲ್ಲ. ಭಾರತೀಯ ಅರಿವಳಿಕೆ ತಜ್ಞರು ಸೇರಿ 2017ರಲ್ಲಿ ಜನಸಾಮಾನ್ಯರಿಗಾಗಿ ರೂಪಿಸಿದ 'ಕಾಲ್ಸ್' ಎಂಬ ಕ್ರಮದಲ್ಲಿ ಇರುವುದು ಎದೆ ಒತ್ತುವುದು ಮಾತ್ರ. ದೊಡ್ಡವರು ಇದ್ದಕ್ಕಿದ್ದಂತೆ ಕುಸಿದಾಗ ರಕ್ತದಲ್ಲಿ ಕೆಲವು ನಿಮಿಷಕ್ಕೆ ಸಾಲುವಷ್ಟು ಆಮ್ಲಜನಕ ಇನ್ನೂ ಇರುತ್ತದೆ, ಅದನ್ನು ಮೆದುಳಿಗೆ ಮುಟ್ಟಿಸಬೇಕಷ್ಟೆ. ಮಕ್ಕಳು, ನೀರಿನಲ್ಲಿ ಮುಳುಗಿದವರ ವಿಷಯ ಬೇರೆ. ಅವರಿಗೆ ಉಸಿರೂ ಬೇಕು, ಅದನ್ನು ತರಬೇತಿಯಲ್ಲಿ ಕಲಿಯಬೇಕು.

ಒತ್ತುವಾಗ ಪಕ್ಕೆಲುಬು ಲಟಕ್ಕೆಂದು ಮುರಿದ ಸದ್ದು ಬರಬಹುದು. ವಯಸ್ಸಾದವರಲ್ಲಿ ಅದು ಸಾಮಾನ್ಯ. ನಿಲ್ಲಿಸಬೇಡಿ. ಮುರಿದ ಎಲುಬು ಕೂಡುತ್ತದೆ. ಬಿದ್ದವರು ಹೆಂಗಸಾದರೆ ಕೈ ಹಿಂಜರಿಯುತ್ತದೆ, ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ 2017ರಲ್ಲಿ ಹೊರಬಂದ ಒಂದು ಅಧ್ಯಯನದ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಕುಸಿದ ಗಂಡಸರಲ್ಲಿ ಶೇ. 45 ಮಂದಿಗೆ ಸುತ್ತಲಿದ್ದವರಿಂದ ಸಿಪಿಆರ್, ಅಂದರೆ ಎದೆ ಒತ್ತುವ ಈ ನೆರವು ಸಿಕ್ಕಿದರೆ ಹೆಂಗಸರಲ್ಲಿ ಶೇ. 39 ಮಂದಿಗೆ ಮಾತ್ರ ಸಿಕ್ಕಿತ್ತು. ಸೀರೆಯ ಮೇಲೆ, ಚೂಡಿದಾರದ ಮೇಲೆ, ಬುರ್ಖಾದ ಮೇಲೆ ಒತ್ತಬಹುದು. ಮೈ ಮುಟ್ಟಿದರೆ ಯಾರೇನಂದುಕೊಂಡಾರೋ ಎಂದು ಒಬ್ಬ ತಾಯಿಯನ್ನು ಸಾಯಲು ಬಿಡುವುದನ್ನು ಯಾವ ಮರ್ಯಾದೆಯೂ ಕೇಳುವುದಿಲ್ಲ.

ತರಬೇತಿಯ ಗೊಂಬೆಯ ಮುಂದೆ ಮಂಡಿಯೂರಿದವರನ್ನು ಒಮ್ಮೆ ನೋಡಬೇಕು. ಆರಂಭದಲ್ಲಿ ಎಲ್ಲರ ಕೈಯೂ ಮೆತ್ತಗೆ ಇಳಿಯುತ್ತದೆ. ಗೊಂಬೆಯ ಒಳಗಿನಿಂದ 'ಟಕ್' ಎಂಬ ಸದ್ದು ಬಂದರಷ್ಟೇ ಆಳ ಸಾಕು ಎಂದರ್ಥ, ಆ ಸದ್ದೇ ಬರುವುದಿಲ್ಲ. ತರಬೇತುದಾರರು ಮೊಣಕೈ ಹಿಡಿದು ನೇರ ಮಾಡುತ್ತಾರೆ, ಬೆನ್ನು ಮುಂದಕ್ಕೆ ತಳ್ಳುತ್ತಾರೆ. ಆಮೇಲೆ ಟಕ್, ಟಕ್, ಟಕ್. ಒಂದು ನಿಮಿಷಕ್ಕೆ ಹಣೆಯಲ್ಲಿ ಬೆವರು, ಎರಡನೆಯ ನಿಮಿಷಕ್ಕೆ ತೋಳು ನಡುಗುತ್ತದೆ. ಸೊರಗಿದ ಕೈ ಆಳಕ್ಕೆ ಒತ್ತುವುದಿಲ್ಲ, ಅದಕ್ಕಾಗಿಯೇ ಎರಡು ನಿಮಿಷಕ್ಕೊಮ್ಮೆ ಬೇರೆಯವರು ಕೈ ಬದಲಿಸಬೇಕು. ಇದನ್ನು ಓದಿ ಅರ್ಥ ಮಾಡಿಕೊಳ್ಳಬಹುದು, ಕೈಗೆ ಬರುವುದು ಗೊಂಬೆಯ ಮೇಲೆಯೇ. ಈ ಲೇಖನವೂ ಆ ಎರಡು ಮೂರು ಗಂಟೆಯ ತರಬೇತಿಗೆ ಬದಲಿಯಲ್ಲ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್, ವೈದ್ಯಕೀಯ ಕಾಲೇಜುಗಳು, ದೊಡ್ಡ ಆಸ್ಪತ್ರೆಗಳು ಇಂಥ ತರಬೇತಿ ಕೊಡುತ್ತವೆ. ಬಡಾವಣೆಯವರು ಒಟ್ಟಾಗಿ ಕರೆದರೆ ಬಾಗಿಲಿಗೇ ಬರುವವರಿದ್ದಾರೆ.

ಎದೆ ಒತ್ತಿ ರಕ್ತ ಓಡಿಸಬಹುದೆಂಬುದನ್ನು 1960ರಲ್ಲಿ ಜಗತ್ತಿಗೆ ತಿಳಿಸಿದ ಜಾನ್ಸ್ ಹಾಪ್ಕಿನ್ಸ್ ತಂಡದ ಹಿರಿಯರು ವಿಲಿಯಂ ಕೌವೆನ್‌ಹೋವನ್. ಅವರು ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಎಂಜಿನಿಯರುಗಳೇ ತುಂಬಿರುವ ಈ ಊರಿಗೆ ಇದನ್ನು ನೆನಪಿಸಬೇಕು ಅನಿಸುತ್ತದೆ.

ಕಾಲ್ಚೆಂಡಿನ ಮೈದಾನದಿಂದ

ಕಂಟೋನ್ಮೆಂಟ್ ಭಾಗಕ್ಕೆ ಫುಟ್‌ಬಾಲ್ ಹುಚ್ಚು ಹಳೆಯದು. ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 2021ರ ಜೂನ್ 12ರ ರಾತ್ರಿ ಯೂರೋ ಕಪ್ ನೋಡುತ್ತಿದ್ದವರಿಗೆ ಕೋಪನ್‌ಹೇಗನ್ನಿನ ಆ ಪಂದ್ಯ ಮರೆತಿರಲಾರದು. ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಚೆಂಡಿನ ಹತ್ತಿರ ಹೋಗುತ್ತಲೇ ಮುಗ್ಗರಿಸಿ ಬಿದ್ದರು. ನಾಯಕ ಸಿಮೋನ್ ಕೇರ್ ಓಡಿ ಬಂದರು, ಸಹ ಆಟಗಾರರು ಸುತ್ತ ಗೋಡೆಯಂತೆ ನಿಂತರು, ವೈದ್ಯರು ಎದೆ ಒತ್ತಿದರು, ಯಂತ್ರದಿಂದ ಒಂದು ಶಾಕ್ ಕೊಟ್ಟರು. ಎರಿಕ್ಸನ್ ಬದುಕಿದ್ದಷ್ಟೇ ಅಲ್ಲ, ಮುಂದಿನ ವರ್ಷವೇ ಮತ್ತೆ ಆಟಕ್ಕಿಳಿದರು.

ಆ ದೇಶ ಆಟಗಾರರಿಗೆ ಮಾತ್ರ ಈ ಭಾಗ್ಯ ಇಟ್ಟುಕೊಂಡಿಲ್ಲ. 2005ರಲ್ಲಿ ಅಲ್ಲಿ ಶಾಲಾ ಮಕ್ಕಳಿಗೆ, ಮರುವರ್ಷ ಡ್ರೈವಿಂಗ್ ಲೈಸೆನ್ಸ್ ಬೇಕೆನ್ನುವವರಿಗೆ ಈ ತರಬೇತಿ ಕಡ್ಡಾಯವಾಯಿತು. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಐವರಲ್ಲಿ ಒಬ್ಬರಿಗೆ ದಾರಿಹೋಕರ ಸಿಪಿಆರ್ ಸಿಗುತ್ತಿತ್ತು. 2010ಕ್ಕೆ ಅದು ಶೇ. 45ಕ್ಕೆ ಏರಿತು, ತಿಂಗಳು ಕಳೆದು ಬದುಕಿದ್ದವರ ಪ್ರಮಾಣ ಸುಮಾರು ಮೂರು ಪಟ್ಟಾಯಿತು. ನಮ್ಮ ಆರ್‌ಟಿಒ ಎಂಟು ಹಾಕಿಸುವ ದಿನವೇ ಗೊಂಬೆಯ ಮುಂದೆ ಎರಡು ನಿಮಿಷ ಕೂರಿಸಿದರೆ ಯಾರಿಗೂ ನಷ್ಟವಿಲ್ಲ.

ನಮ್ಮಲ್ಲಿ ನಡೆಯುವುದೂ ಕಣ್ಣ ಮುಂದಿದೆ. 2024ರ ನವೆಂಬರ್‌ನಲ್ಲಿ ನೆಲಮಂಗಲ ಕಡೆಯ ಬಿಎಂಟಿಸಿ ಬಸ್ಸಿನ ಚಾಲಕರು ಓಡಿಸುತ್ತಿದ್ದಾಗಲೇ ಕುಸಿದರು. ಕಂಡಕ್ಟರ್ ಚಂಗನೆ ಹಾರಿ ಬಸ್ ನಿಲ್ಲಿಸಿ ಪ್ರಯಾಣಿಕರನ್ನು ಉಳಿಸಿದರು, ಚಾಲಕರು ಉಳಿಯಲಿಲ್ಲ. ಆ ಕಂಡಕ್ಟರ್ ತೋರಿದ ಚುರುಕು ನೋಡಿದರೆ, ಇಂಥವರಿಗೆಲ್ಲ ತರಬೇತಿ ಕೊಡಬೇಕಾದ್ದು ನಿಗಮದ ಹೊಣೆ ಎನಿಸುತ್ತದೆ. 2025ರ ಡಿಸೆಂಬರ್‌ನಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ಎದೆನೋವೆಂದು ನಸುಕಿನಲ್ಲಿ ಗಂಡ ಹೆಂಡತಿ ಬೈಕಿನಲ್ಲಿ ಆಸ್ಪತ್ರೆ ಹುಡುಕುತ್ತ ಹೊರಟಿದ್ದರು. ದಾರಿಯಲ್ಲಿ ಗಂಡ ಬಿದ್ದ. ಹೆಂಡತಿ ಕೈಮುಗಿದು ಬೇಡುತ್ತಿದ್ದರೂ ವಾಹನಗಳು ಒಂದರ ಹಿಂದೊಂದು ಸಾಗಿಹೋದದ್ದು ಸಿಸಿಟಿವಿಯಲ್ಲಿ ಉಳಿದಿದೆ. ಕೊನೆಗೆ ನಿಂತದ್ದು ಒಬ್ಬ ಕ್ಯಾಬ್ ಚಾಲಕ. ಜೀವ ಉಳಿಯಲಿಲ್ಲ. ಆ ಮನೆಯವರು ಅಷ್ಟು ದುಃಖದಲ್ಲೂ ಅವನ ಕಣ್ಣು ದಾನ ಮಾಡಿದರು.

ನಿಲ್ಲದೆ ಹೋದವರೆಲ್ಲ ಕಲ್ಲು ಹೃದಯದವರು ಎಂದು ನಾನು ನಂಬುವುದಿಲ್ಲ. ಏನು ಮಾಡಬೇಕೆಂದು ತಿಳಿಯದ ಭಯ ಒಂದು, ಪೊಲೀಸು ಕೋರ್ಟು ಅಲೆದಾಟದ ಭಯ ಇನ್ನೊಂದು. ಎರಡನೆಯದಕ್ಕೆ ಕಾನೂನಿನ ಉತ್ತರವಿದೆ. ಕರ್ನಾಟಕದ ಜೀವರಕ್ಷಕರ ಕಾಯ್ದೆ 2016ರದು, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. ತುರ್ತು ಸಂದರ್ಭದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಅದು ರಕ್ಷಣೆ ಕೊಡುತ್ತದೆ. ಆಸ್ಪತ್ರೆಗೆ ಸೇರಿಸಿ ನೀವು ನಿಮ್ಮ ಪಾಡಿಗೆ ಹೊರಡಬಹುದು.

ಯಾರಿಗೆ ಮೊದಲು

ಆಸ್ಪತ್ರೆಯ ಹೊರಗಿನ ಹೃದಯ ಸ್ತಂಭನಗಳಲ್ಲಿ ಹತ್ತಕ್ಕೆ ಏಳು ಮನೆಯಲ್ಲೇ ಆಗುತ್ತವೆ ಎಂದು ಅಮೆರಿಕದ ಲೆಕ್ಕ ಹೇಳುತ್ತದೆ. ಹಾಗಾದರೆ ರಿಚರ್ಡ್ಸ್ ಟೌನ್‌ನ ಮನೆಗಳಲ್ಲಿ ಹಗಲು ಹೊತ್ತು ಯಾರಿರುತ್ತಾರೆ? ಮಕ್ಕಳು ಹೊರದೇಶದಲ್ಲಿದ್ದು ತಾವಿಬ್ಬರೇ ಉಳಿದ ಹಿರಿಯ ದಂಪತಿ, ಮನೆಗೆಲಸದವರು, ಅಡುಗೆಯವರು, ಗೇಟಿನಲ್ಲಿ ವಾಚ್‌ಮನ್. ಅಪಾರ್ಟ್‌ಮೆಂಟ್ ಸಂಘಗಳು ತರಬೇತಿ ಇಟ್ಟಾಗ ಸಾಮಾನ್ಯವಾಗಿ ಬಂದು ಕೂರುವವರು ಫ್ಲ್ಯಾಟಿನ ಮಾಲೀಕರು. ವಾಚ್‌ಮನ್ ಕುರ್ಚಿ ಜೋಡಿಸಿ ಹೊರಗೆ ನಿಲ್ಲುತ್ತಾನೆ. ಇದು ತಿರುಗುಮುರುಗಾಗಬೇಕು. ರಾತ್ರಿ ಎರಡು ಗಂಟೆಗೆ ಎಲ್ಲರಿಗಿಂತ ಮೊದಲು ಬಾಗಿಲಿಗೆ ಬರುವವನು ಅವನು, ಎರಡು ನಿಮಿಷ ಬಿಡದೆ ಒತ್ತುವ ತೋಳೂ ಅವನದೇ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಅರ್ಧ ದಿನದ ಸಂಬಳ ಕತ್ತರಿಸದೆ ಕಲಿಯಲು ಕೂರಿಸಿ. ತರಬೇತಿ ಇಂಗ್ಲಿಷಿನಲ್ಲಿ ಮಾತ್ರ ನಡೆದರೆ ಈ ಭಾಗದಲ್ಲಿ ಅರ್ಧ ಜನಕ್ಕೆ ತಲುಪುವುದಿಲ್ಲ. ಕನ್ನಡ, ತಮಿಳು, ಉರ್ದು ಮಾತಾಡುವವರೂ ಇರಲಿ.

ರಿಚರ್ಡ್ಸ್ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಬರುವ ಗುಂಪುಗಳಿಗಿಂತ ಸುಲಭದ ತರಗತಿ ಬೇರೆ ಬೇಕಿಲ್ಲ. ಚರ್ಚುಗಳು, ಮಸೀದಿಗಳು, ದೇವಸ್ಥಾನಗಳು ಪ್ರಾರ್ಥನೆ ಮುಗಿದ ಮೇಲೆ ಒಂದರ್ಧ ಗಂಟೆ ಕೊಡಬಹುದು. ಶಾಲೆಗಳಲ್ಲಿ ಹೈಸ್ಕೂಲಿನ ಮಕ್ಕಳು ಕಲಿಯಲಿ. ಸಣ್ಣ ಮಕ್ಕಳ ತೋಳಿಗೆ ಬಲ ಸಾಲದಿದ್ದರೂ ಫೋನ್ ಮಾಡಿ ವಿಳಾಸ ಸರಿಯಾಗಿ ಹೇಳುವುದನ್ನು ಅವರು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಪ್ರತಿ ವರ್ಷ ಅಕ್ಟೋಬರ್ 16 ಜಗತ್ತಿನಾದ್ಯಂತ ಹೃದಯ ಮರುಚಾಲನೆಯ ದಿನ, ಶುರು ಮಾಡಲು ಅದನ್ನೇ ಹಿಡಿದುಕೊಳ್ಳಬಹುದು.

ಎಇಡಿ ಯಂತ್ರದ ಬಗ್ಗೆಯೂ ಸಂಘದ ಸಭೆಯಲ್ಲಿ ಮಾತಾಡಿ. ಲಯ ತಪ್ಪಿ ಅದುರುತ್ತಿರುವ ಹೃದಯಕ್ಕೆ ವಿದ್ಯುತ್ ಶಾಕ್ ಕೊಟ್ಟು ಸರಿದಾರಿಗೆ ತರುವ ಪೆಟ್ಟಿಗೆ ಅದು. ತೆರೆದ ಕೂಡಲೇ ಏನು ಮಾಡಬೇಕೆಂದು ತಾನೇ ಹೇಳುತ್ತದೆ. ಎದೆಯ ಬೆವರು ಒರೆಸಿ, ಒಂದು ಪಟ್ಟಿ ಬಲ ಕೊರಳ ಎಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಬರಿಮೈಗೆ ಅಂಟಿಸಬೇಕು. ಶಾಕ್ ಬೇಕೋ ಬೇಡವೋ ಎಂಬುದನ್ನು ಯಂತ್ರವೇ ನಿರ್ಧರಿಸುತ್ತದೆ, ಬೇಡದವರಿಗೆ ಕೊಡುವುದಿಲ್ಲ. ಅದು ಸರಿಯಿರಿ ಎಂದಾಗ ಯಾರೂ ಮುಟ್ಟಬಾರದು, ಆಮೇಲೆ ಕೂಡಲೇ ಒತ್ತುವುದನ್ನು ಮುಂದುವರಿಸಬೇಕು. ಬೆಲೆ ಲಕ್ಷದ ಆಸುಪಾಸು. ಒಂದು ಕಟ್ಟಡಕ್ಕೆ ಭಾರವೆನಿಸಿದರೆ ಒಂದು ಬೀದಿ ಸೇರಿ ಕೊಳ್ಳಬಹುದು. ಕೊಂಡದ್ದನ್ನು ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಇಪ್ಪತ್ತನಾಲ್ಕು ಗಂಟೆ ಜನವಿರುವ ಸೆಕ್ಯೂರಿಟಿ ಕ್ಯಾಬಿನ್ ಅದರ ಜಾಗ. ಬ್ಯಾಟರಿ ಮತ್ತು ಪಟ್ಟಿಗಳಿಗೆ ಅವಧಿ ಇರುತ್ತದೆ, ತಿಂಗಳಿಗೊಮ್ಮೆ ನೋಡುವ ಹೊಣೆ ಒಬ್ಬರ ಹೆಸರಿಗೆ ಬರೆದಿಡಿ.

ಲಿಫ್ಟಿನ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ: ಕಟ್ಟಡದ ಹೆಸರು, ರಸ್ತೆ, ಆಂಬುಲೆನ್ಸ್‌ಗೆ ಹೇಳಬೇಕಾದ ಗುರುತು, ತರಬೇತಿ ಪಡೆದವರ ಫ್ಲ್ಯಾಟ್ ನಂಬರು. ಗಾಬರಿಯಲ್ಲಿ ಸ್ವಂತ ವಿಳಾಸವೇ ಬಾಯಿಗೆ ಬರುವುದಿಲ್ಲ. ಕರೆ ಹೋದ ತಕ್ಷಣ ಒಬ್ಬರು ಗೇಟಿಗೆ ಹೋಗಿ ನಿಲ್ಲಬೇಕು, ಒಬ್ಬರು ಲಿಫ್ಟನ್ನು ಕೆಳಗೆ ಹಿಡಿದಿಡಬೇಕು, ದಾರಿಗೆ ಅಡ್ಡ ನಿಂತ ಕಾರು ತೆಗೆಸಬೇಕು.

108ರವರು ಒಳಗೆ ಬಂದರೆಂದು ಕೈ ಎತ್ತಬೇಡಿ, ಅವರು ಬಿಡಿ ಎನ್ನುವವರೆಗೆ ಒತ್ತುತ್ತಿರಿ. ಎಷ್ಟು ಹೊತ್ತಿಗೆ ಬಿದ್ದರು, ಒತ್ತಲು ಶುರುಮಾಡಿದ್ದು ಯಾವಾಗ, ಯಂತ್ರ ಎಷ್ಟು ಶಾಕ್ ಕೊಟ್ಟಿತು ಎಂಬುದನ್ನು ಹೇಳಿ. ದಿನವೂ ನುಂಗುವ ಮಾತ್ರೆಗಳ ಸ್ಟ್ರಿಪ್ಪು, ಹಳೆಯ ಇಸಿಜಿ ಇದ್ದರೆ ಅದು, ಆಯುಷ್ಮಾನ್ ಕಾರ್ಡು ಅಥವಾ ವಿಮೆಯ ಕಾಗದ ಒಂದೇ ಚೀಲಕ್ಕೆ ಹಾಕಿ ಜೊತೆಗೆ ಹೋಗುವವರ ಕೈಗೆ ಕೊಡಿ.